ಒಂದು ಸರ್ಕಾರ, ಎರಡು ಸಹಿ

ದೇಶ ದೇಶಗಳ ನಡುವಿನ ವ್ಯಾಪಾರ ಒಪ್ಪಂದವನ್ನು ಯಾವ ನಾಯಕನೂ ಹೊಲದ ಬದುವಿನ ಮೇಲೆ ನಿಂತು ಘೋಷಿಸುವುದಿಲ್ಲ. ಅದಕ್ಕೆ ಸಭಾಂಗಣ ಬೇಕು, ಬಾವುಟ ಬೇಕು, ಕ್ಯಾಮೆರಾ ಬೇಕು. ಪೆನ್ನು ಕಾಗದ ಮುಟ್ಟುವ ಹೊತ್ತಿಗೆ ಸರಿಯಾಗಿ ಚಪ್ಪಾಳೆ ಬೀಳಬೇಕು. ಕಾಗದದೊಳಗೆ ಏನಿದೆ ಅಂತ ಚಪ್ಪಾಳೆ ಹೊಡೆದವರಿಗೆ ಗೊತ್ತಿರುವುದಿಲ್ಲ. ಯಾರ ಬದುಕು ಆ ಕಾಗದದೊಳಗೆ ಇದೆಯೋ ಅವರನ್ನು ಒಳಗೆ ಬಿಟ್ಟಿರುವುದಿಲ್ಲ. ಹೊರಗೆ ನಿಂತವರು 'ನಾವು ಇದನ್ನ ನಂಬೋದಿಲ್ಲ' ಅಂದರೆ ಓದಿದವರು ನಗುತ್ತಾರೆ. ಇವರಿಗೆ ಅರ್ಥಶಾಸ್ತ್ರ ಗೊತ್ತಿಲ್ಲ, ಇವರಿಗೆ ಪ್ರಗತಿ ಬೇಡ ಅನ್ನುತ್ತಾರೆ.

ಈ ನಗುವಿಗೆ ಮೆಕ್ಸಿಕೊ ದೇಶದ ಮೂಲನಿವಾಸಿಗಳು ಒಂದು ಉತ್ತರ ಕೊಟ್ಟಿದ್ದಾರೆ. ಅದು ನಮ್ಮ ಕೇರಿಗಳಿಗೂ ನಮ್ಮ ಶಾಲೆಗಳಿಗೂ ತಲುಪಬೇಕಾದ ಚರಿತ್ರೆ. ಅನುಮಾನ ಅನ್ನುವುದು ಅಜ್ಞಾನವಲ್ಲ. ಮೋಸ ಹೋದವರು ತಲೆಮಾರುಗಳಿಂದ ಕೂಡಿಟ್ಟ ತಿಳಿವಳಿಕೆ ಅಂತ ಆ ಚರಿತ್ರೆ ಹೇಳುತ್ತದೆ.

1992ರ ಡಿಸೆಂಬರ್ 17ರಂದು ಅಮೆರಿಕದ ಅಧ್ಯಕ್ಷ ಹಿರಿಯ ಜಾರ್ಜ್ ಬುಷ್, ಕೆನಡಾದ ಪ್ರಧಾನಿ ಬ್ರಯಾನ್ ಮಲ್ರೋನಿ, ಮೆಕ್ಸಿಕೊದ ಅಧ್ಯಕ್ಷ ಕಾರ್ಲೋಸ್ ಸಲಿನಾಸ್ ಮೂವರೂ ತಂತಮ್ಮ ರಾಜಧಾನಿಗಳಲ್ಲಿ ಕೂತು ಉತ್ತರ ಅಮೆರಿಕ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದರು. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ಜಗತ್ತು ಅದನ್ನು ನಾಫ್ತಾ ಎಂದು ಕರೆಯಿತು. ಮೂರು ದೇಶಗಳ ನಡುವೆ ಸರಕಿಗೆ ಸುಂಕದ ಗೋಡೆ ಇರುವುದಿಲ್ಲ, ಬಂಡವಾಳಕ್ಕೆ ತಡೆ ಇರುವುದಿಲ್ಲ ಅನ್ನುವುದು ಅದರ ತಿರುಳು.

ಸಲಿನಾಸ್ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮಾಡಿದವನು. 1988ರ ಚುನಾವಣೆಯ ರಾತ್ರಿ ಎದುರಾಳಿ ಕ್ವಾಟೆಮೊಕ್ ಕಾರ್ಡೆನಾಸ್ ಮುಂದಿರುವ ಸೂಚನೆ ಬರುತ್ತಿದ್ದಾಗ, ಎಣಿಕೆಯ ಯಂತ್ರವ್ಯವಸ್ಥೆ ಕೆಟ್ಟಿದೆ ಅಂತ ಫಲಿತಾಂಶದ ಪ್ರಕಟಣೆಯನ್ನೇ ನಿಲ್ಲಿಸಿದರು. ಕೊನೆಗೆ ಗೆದ್ದವನು ಸಲಿನಾಸ್ ಅಂತ ಹೇಳಿದರು. ಹೀಗೆ ಕುರ್ಚಿಗೆ ಬಂದವನು ತನ್ನ ಜನಕ್ಕೆ ಕೊಟ್ಟ ಮಾತು ಏನು? ಮೆಕ್ಸಿಕೊ ಇನ್ನು ಬಡ ದೇಶಗಳ ಸಾಲಿನಲ್ಲಿ ಇರುವುದಿಲ್ಲ, ಮುಂದುವರಿದ ದೇಶಗಳ ಪಂಕ್ತಿಯಲ್ಲಿ ಕೂರುತ್ತದೆ. ನಾವು ಸರಕು ರಫ್ತು ಮಾಡುತ್ತೇವೆಯೇ ಹೊರತು ಜನರನ್ನಲ್ಲ. ಅತ್ತ ಅಮೆರಿಕದಲ್ಲಿ ಬುಷ್ ಸೋತು ಬಿಲ್ ಕ್ಲಿಂಟನ್ ಬಂದರೂ ಮಾತು ಬದಲಾಗಲಿಲ್ಲ. ಈ ಒಪ್ಪಂದದಿಂದ ಎರಡು ವರ್ಷದಲ್ಲಿ 2 ಲಕ್ಷ, ಐದು ವರ್ಷದಲ್ಲಿ 10 ಲಕ್ಷ ಅಮೆರಿಕನ್ನರಿಗೆ ಉದ್ಯೋಗ ಅಂತ 1993ರಲ್ಲಿ ಕ್ಲಿಂಟನ್ ಹೇಳಿದ. ಅಲ್ಲಿನ ಕಾರ್ಖಾನೆ ಕಾರ್ಮಿಕರು ನಂಬಲಿಲ್ಲ. ಆ ವರ್ಷದ ನವೆಂಬರ್ 17ರಂದು ಅಮೆರಿಕದ ಕೆಳಮನೆಯಲ್ಲಿ 234 ಪರ, 200 ವಿರುದ್ಧ ಮತ ಬಿದ್ದು ಒಪ್ಪಂದ ಹೇಗೋ ದಾಟಿಕೊಂಡಿತು.

ವೇದಿಕೆಯ ಮೇಲಿನ ಮಾತು ಇಷ್ಟು. ವೇದಿಕೆಯ ಹಿಂದೆ ನಡೆದದ್ದು ಬೇರೆ.

ಒಪ್ಪಂದಕ್ಕೆ ಸಹಿ ಬೀಳುವ ಮೊದಲೇ, 1992ರ ಜನವರಿಯಲ್ಲಿ, ಸಲಿನಾಸ್ ಸರ್ಕಾರ ಮೆಕ್ಸಿಕೊ ಸಂವಿಧಾನದ 27ನೆಯ ವಿಧಿಯನ್ನು ತಿದ್ದಿತು. ಆ ವಿಧಿ ರಕ್ತದಲ್ಲಿ ಬರೆದದ್ದು. ಮೊರೆಲೋಸ್ ಪ್ರಾಂತ್ಯದ ಅನೆನೆಕ್ವಿಲ್ಕೊ ಎಂಬ ಹಳ್ಳಿಯ ಜಮೀನನ್ನು ಕಬ್ಬಿನ ಜಮೀನ್ದಾರರು ನುಂಗುತ್ತಿದ್ದಾಗ, 1909ರಲ್ಲಿ ಹಳ್ಳಿಯ ಹಿರಿಯರು ತಮ್ಮ ಹಳೇ ಭೂದಾಖಲೆಗಳನ್ನು ಎಮಿಲಿಯಾನೊ ಝಪಾಟಾ ಎಂಬ ಯುವಕನ ಕೈಗೆ ಒಪ್ಪಿಸಿದರು. ಅರ್ಜಿ ಬರೆದರು, ಕಚೇರಿ ತಿರುಗಿದರು. ಕಾಗದಕ್ಕೆ ಬೆಲೆ ಸಿಗಲಿಲ್ಲ. ಆಮೇಲೆ ಕೋವಿ ಹಿಡಿದರು. 1919ರ ಏಪ್ರಿಲ್ 10ರಂದು ಚಿನಾಮೆಕಾದಲ್ಲಿ ಝಪಾಟಾನನ್ನು ಮೋಸದಿಂದ ಕರೆಸಿ ಕೊಂದರು. ಆದರೆ ಅಷ್ಟು ಹೊತ್ತಿಗೆ, 1917ರ ಸಂವಿಧಾನದಲ್ಲಿ, ಭೂಮಿಯನ್ನು ಹಳ್ಳಿಗಳಿಗೆ ಹಂಚಬೇಕು ಎಂಬ ಮಾತು ಸೇರಿಬಿಟ್ಟಿತ್ತು. 1934ರಿಂದ 1940ರವರೆಗೆ ಅಧ್ಯಕ್ಷನಾಗಿದ್ದ ಲಾಸಾರೊ ಕಾರ್ಡೆನಾಸ್ ಸುಮಾರು 1.8 ಕೋಟಿ ಹೆಕ್ಟೇರ್ ಜಮೀನು ಹಂಚಿದ. ಸಲಿನಾಸ್ ಎದುರು 1988ರಲ್ಲಿ ನಿಂತಿದ್ದವನು ಇವನ ಮಗ.

ಹಾಗೆ ಹಂಚಿದ ಸಮುದಾಯ ಭೂಮಿಗೆ 'ಎಹಿದೊ' ಅಂತ ಹೆಸರು. ಉಳಬಹುದು, ಮಕ್ಕಳಿಗೆ ಬಿಡಬಹುದು; ಮಾರುವಂತಿಲ್ಲ, ಅಡ ಇಡುವಂತಿಲ್ಲ. 1992ರ ತಿದ್ದುಪಡಿ ಎರಡು ಕೆಲಸ ಮಾಡಿತು. ಇನ್ನು ಮುಂದೆ ಭೂಮಿ ಹಂಚಿಕೆ ಇಲ್ಲ ಅಂತ ಬಾಗಿಲು ಮುಚ್ಚಿತು. ಎಹಿದೊ ಭೂಮಿಯನ್ನು ಖಾಸಗಿ ಮಾಡಿಕೊಂಡು ಮಾರಬಹುದು, ಗುತ್ತಿಗೆಗೆ ಕೊಡಬಹುದು ಅಂತ ಇನ್ನೊಂದು ಬಾಗಿಲು ತೆರೆಯಿತು. ರೈತನಿಗೆ ಸ್ವಾತಂತ್ರ್ಯ ಕೊಟ್ಟಿದ್ದೇವೆ ಅಂತ ಅದಕ್ಕೊಂದು ಚಂದದ ಹೆಸರಿಟ್ಟರು.

ಈ ಸ್ವಾತಂತ್ರ್ಯ ನಮ್ಮ ನಾಡಿನ ದಲಿತರಿಗೆ ಅರ್ಥವಾಗುವಷ್ಟು ಬೇರೆಯವರಿಗೆ ಅರ್ಥವಾಗಲಿಕ್ಕಿಲ್ಲ. 1978ರಲ್ಲಿ ಕರ್ನಾಟಕದಲ್ಲಿ ಪಿ.ಟಿ.ಸಿ.ಎಲ್. ಕಾಯ್ದೆ ಬಂತು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ ಆ ಕ್ರಯ ಊರ್ಜಿತವಲ್ಲ ಅನ್ನುವ ಕಾಯ್ದೆ. ಅದು ಯಾಕೆ ಬೇಕಾಯ್ತು? ಮದುವೆಗೆ, ಕಾಯಿಲೆಗೆ ಅಂತ ಮೂರು ಕಾಸು ಸಾಲ ಕೊಟ್ಟು, ಎರಡೆಕರೆಗೆ ಹೆಬ್ಬೆಟ್ಟು ಒತ್ತಿಸಿಕೊಂಡ ದಣಿಗಳು ಊರೂರಿಗೂ ಇದ್ದರು, ಅದಕ್ಕೆ. ಮಾರುವ ಸ್ವಾತಂತ್ರ್ಯ ಅನ್ನುವುದು ಬಡವನ ಪಾಲಿಗೆ ಕಳೆದುಕೊಳ್ಳುವ ಸ್ವಾತಂತ್ರ್ಯ. ನಮ್ಮ ಹಟ್ಟಿಯಲ್ಲಿ ವೇದಿಕೆ ಹಾಕಿ, ಹಾರ ಹಾಕಿಸಿಕೊಂಡು ಹಂಚಿದ ಹಕ್ಕುಪತ್ರಗಳಿವೆ. ತಗಡಿನ ಪೆಟ್ಟಿಗೆಯಲ್ಲಿ ಹಳದಿಯಾಗಿವೆ. ಅವುಗಳಲ್ಲಿ ಕೆಲವಕ್ಕೆ ಜಮೀನು ಎಲ್ಲಿದೆ ಅಂತ ಇನ್ನೂ ಯಾರೂ ತೋರಿಸಿಲ್ಲ. ಘೋಷಣೆಗೂ ಸರ್ವೆ ಕಲ್ಲಿಗೂ ನಡುವೆ ಎಷ್ಟು ದೂರ ಅಂತ ನಮಗೆ ಯಾವ ವಿಶ್ವವಿದ್ಯಾಲಯವೂ ಕಲಿಸಬೇಕಾಗಿಲ್ಲ.

ಮೆಕ್ಸಿಕೊದಲ್ಲಿ ಈ ದೂರವನ್ನು ಬಲ್ಲವರು ಚಿಯಾಪಾಸ್ ಪ್ರಾಂತ್ಯದ ಮೂಲನಿವಾಸಿಗಳು. ಟ್ಸೆಲ್ಟಾಲ್, ಟ್ಸೊಟ್ಸಿಲ್, ಚೋಲ್, ತೊಹೊಲಬಾಲ್ ಎಂಬ ಮಾಯಾ ಜನ. ಅವರ ನೆಲದ ನದಿಗಳಿಗೆ ಅಣೆಕಟ್ಟು ಕಟ್ಟಿ ದೇಶಕ್ಕೆಲ್ಲ ವಿದ್ಯುತ್ ಒಯ್ದರು. ಅವರ ಗುಡಿಸಲುಗಳಲ್ಲಿ ದೀಪ ಇರಲಿಲ್ಲ. ಅಲ್ಲಿನ ಸಾನ್ ಕ್ರಿಸ್ತೋಬಲ್ ಎಂಬ ಹಳೇ ಪಟ್ಟಣದಲ್ಲಿ, ಇಪ್ಪತ್ತನೇ ಶತಮಾನದ ಮಧ್ಯದವರೆಗೂ, ಮೂಲನಿವಾಸಿ ರಸ್ತೆ ಬದಿಯ ಕಾಲುಹಾದಿಯ ಮೇಲೆ ನಡೆಯುವಂತಿರಲಿಲ್ಲ. ಎದುರಿಗೆ ಬಿಳಿ ಜನ ಬಂದರೆ ಕೆಳಗಿಳಿದು ಬೀದಿಯಲ್ಲಿ ನಿಲ್ಲಬೇಕು. ಮೇಲ್ಜಾತಿಯವರ ಬೀದಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದವರ ಮೊಮ್ಮಕ್ಕಳಾದ ನಮಗೆ ಆ ಕಾಲುಹಾದಿ ಗೊತ್ತು.

ಭೂಮಿಗಾಗಿ ಹಾಕಿದ ಅರ್ಜಿಗಳು ಇತ್ಯರ್ಥವಾಗದೆ ದೊಡ್ಡ ಸಂಖ್ಯೆಯಲ್ಲಿ ಕೊಳೆಯುತ್ತಿದ್ದದ್ದು ಈ ಪ್ರಾಂತ್ಯದಲ್ಲೇ. 27ನೆಯ ವಿಧಿಯ ತಿದ್ದುಪಡಿ ಆ ಅರ್ಜಿದಾರರಿಗೆ ಹೇಳಿದ್ದು ಒಂದೇ ಮಾತು: ನಿಮ್ಮ ಸರದಿ ಬರುವ ಮೊದಲೇ ಅಂಗಡಿ ಮುಚ್ಚಿದೆವು. ಅದೇ ವರ್ಷದ ಅಕ್ಟೋಬರ್ 12ರಂದು, ಕೊಲಂಬಸ್ ಬಂದು 500 ವರ್ಷವಾಯಿತೆಂದು ದೊಡ್ಡವರು ಹಬ್ಬ ಮಾಡುತ್ತಿದ್ದಾಗ, ಸಾವಿರಾರು ಮೂಲನಿವಾಸಿಗಳು ಸಾನ್ ಕ್ರಿಸ್ತೋಬಲ್ ಪಟ್ಟಣಕ್ಕೆ ಮೆರವಣಿಗೆ ಬಂದು, ತಮ್ಮನ್ನು ಗೆದ್ದ ಸ್ಪೇನಿನ ದಂಡನಾಯಕ ಮಸಾರಿಯೆಗೋಸನ ಪ್ರತಿಮೆಗೆ ಹಗ್ಗ ಹಾಕಿ ಕೆಡವಿದರು. ಸಹಿಗೆ ಇನ್ನೂ ಎರಡು ತಿಂಗಳಿತ್ತು.

ಒಪ್ಪಂದ ಜಾರಿಗೆ ಬಂದದ್ದು 1994ರ ಜನವರಿ 1ರಂದು. ಆ ಹೊಸ ವರ್ಷದ ನಸುಕಿನಲ್ಲಿ ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಝಪಾಟಿಸ್ಟಾ ಬಂಡಾಯಗಾರರು ಸಾನ್ ಕ್ರಿಸ್ತೋಬಲ್, ಒಕೊಸಿಂಗೊ, ಅಲ್ತಮಿರಾನೊ, ಲಾಸ್ ಮಾರ್ಗರಿತಾಸ್ ಪಟ್ಟಣಗಳನ್ನು ಹಿಡಿದರು. ಸಾನ್ ಕ್ರಿಸ್ತೋಬಲ್ ಹಿಡಿದ ಪಡೆಯ ಮುಂದಾಳು ಒಬ್ಬ ಹೆಂಗಸು, ಮೇಜರ್ ಆನಾ ಮರಿಯಾ. ಕಾಲುಹಾದಿ ಹತ್ತಬೇಡಿ ಅಂದಿದ್ದ ಊರಿನ ಪುರಭವನದ ಮೆಟ್ಟಿಲು ಹತ್ತಿ ನಿಂತರು. ಈ ಒಪ್ಪಂದ ಮೂಲನಿವಾಸಿಗಳ ಮರಣಪತ್ರ ಎಂಬುದು ಅವರ ವಕ್ತಾರ ಮಾರ್ಕೋಸ್‌ನ ಮಾತು. ಕೆಲವರ ಕೈಯಲ್ಲಿ ಇದ್ದದ್ದು ಮರದ ಕೋವಿ. ಸರ್ಕಾರ ಸೈನ್ಯ ಕಳಿಸಿತು, ಆಕಾಶದಿಂದ ಗುಂಡು ಹಾರಿಸಿತು. ನೂರಕ್ಕೂ ಹೆಚ್ಚು ಜನ ಸತ್ತರು. ರಾಜಧಾನಿಯ ಬೀದಿಗಳಲ್ಲಿ ಜನ ತುಂಬಿ ಯುದ್ಧ ನಿಲ್ಲಿಸಿ ಅಂದಾಗ, ಜನವರಿ 12ರಂದು ಕದನ ನಿಂತಿತು.

ಆಗಲೂ ಓದಿದವರು ನಕ್ಕರು. ಕಾಡಿನ ಜನಕ್ಕೆ ಒಪ್ಪಂದದ ಸಾವಿರಾರು ಪುಟ ಓದಲು ಬರುತ್ತದೆಯೇ ಅಂದರು. ಓದಿದವರು ಓದಿದ್ದರಲ್ಲಿ ಏನಾಯಿತು ನೋಡೋಣ. ಅದಕ್ಕೆ ಜೋಳದ ಕಾಳು ಸಾಕು.

ದಾವಣಗೆರೆ, ಹಾವೇರಿ ಕಡೆ ಕಣ್ಣು ಹಾಯಿಸಿದಷ್ಟು ದೂರ ಇರುವ ಮೆಕ್ಕೆಜೋಳ, ನಾವು ಮುಸುಕಿನ ಜೋಳ ಅನ್ನುವ, ಉತ್ತರದವರು ಗೋವಿನಜೋಳ ಅನ್ನುವ ಈ ಬೆಳೆ ಹುಟ್ಟಿದ್ದು ಮೆಕ್ಸಿಕೊದಲ್ಲಿ. ಸುಮಾರು 9000 ವರ್ಷ ಹಿಂದೆ ಅಲ್ಲಿನ ಜನ ಒಂದು ಕಾಡುಹುಲ್ಲನ್ನು ಪಳಗಿಸಿ ಇದನ್ನು ಮಾಡಿಕೊಂಡರು. ನಮಗೆ ಅದು ಬಹುಮಟ್ಟಿಗೆ ಕೋಳಿಯ ಆಹಾರ, ಪಿಷ್ಟದ ಕಾರ್ಖಾನೆಯ ಸರಕು. ಅವರಿಗೆ ಅದು ಅನ್ನ. ಹೆಂಗಸರು ಸುಣ್ಣದ ನೀರಲ್ಲಿ ಬೇಯಿಸಿ, ನೆನೆಹಾಕಿ, ಅರೆದು, ತಟ್ಟಿ ಸುಡುವ ಟೊರ್ಟಿಯಾ ರೊಟ್ಟಿ ಅವರ ಮೂರು ಹೊತ್ತಿನ ಊಟ. ಜೋಳದ ಹಿಟ್ಟಿನಿಂದಲೇ ಮನುಷ್ಯರನ್ನು ಮಾಡಿದರು ಎಂಬುದು ಮಾಯಾ ಜನರ ಸೃಷ್ಟಿಕತೆ.

ನಾಫ್ತಾದಲ್ಲಿ ಜೋಳಕ್ಕೆ ರಕ್ಷಣೆ ಇದೆ ಅಂತ ಸರ್ಕಾರ ಹೇಳಿತ್ತು. ಬರಹದಲ್ಲಿ ಇತ್ತು ಕೂಡ. ಮೊದಲ ವರ್ಷ 25 ಲಕ್ಷ ಟನ್ ಮಾತ್ರ ಸುಂಕವಿಲ್ಲದೆ ಬರಬೇಕು. ಅದರ ಮೇಲೆ ಬಂದದ್ದಕ್ಕೆ ಶೇ. 215ರಷ್ಟು ಸುಂಕ, ಆ ಸುಂಕ ಸುಮಾರು 15 ವರ್ಷಗಳಲ್ಲಿ ಹಂತಹಂತವಾಗಿ ಇಳಿದು 2008ಕ್ಕೆ ಸೊನ್ನೆಯಾಗಬೇಕು. ಅಷ್ಟರಲ್ಲಿ ಸಣ್ಣ ರೈತ ಸುಧಾರಿಸಿಕೊಳ್ಳುತ್ತಾನೆ ಎಂಬ ಲೆಕ್ಕ. ನಡೆದದ್ದೇನು? ಮಿತಿ ಮೀರಿ ಜೋಳ ಬಂದಾಗ ಮೆಕ್ಸಿಕೊ ಸರ್ಕಾರ ತನಗೆ ಹಕ್ಕಿದ್ದ ಸುಂಕವನ್ನೇ ವಸೂಲಿ ಮಾಡಲಿಲ್ಲ. ಬಾಗಿಲಿಗೆ ಬೀಗ ಇತ್ತು, ಕೀಲಿ ಸರ್ಕಾರದ ಕೈಯಲ್ಲೇ ಇತ್ತು. ಜೋಳ ಅಗ್ಗವಾಗಿ ಬರಲಿ ಅಂತ ಸರ್ಕಾರವೇ ಬೀಗ ತೆಗೆದಿಟ್ಟಿತು.

ಸ್ಪರ್ಧೆ ಯಾರ ಯಾರ ನಡುವೆ? ಒಂದು ಕಡೆ ಅಯೋವಾದ ಬಯಲಿನಲ್ಲಿ ಯಂತ್ರದಿಂದ ಬಿತ್ತಿ ಕೊಯ್ದು, ಹೆಕ್ಟೇರಿಗೆ ಸುಮಾರು 8 ಟನ್ ತೆಗೆಯುವ, ಸರ್ಕಾರದಿಂದ ಕೋಟಿಗಟ್ಟಲೆ ಡಾಲರ್ ಸಹಾಯಧನ ಪಡೆಯುವ ದೊಡ್ಡ ಹಿಡುವಳಿ. ಇನ್ನೊಂದು ಕಡೆ ಗುಡ್ಡದ ಇಳಿಜಾರಿನಲ್ಲಿ ಮಳೆ ನಂಬಿ, ಕೋಲಿನಿಂದ ಕುಳಿ ತೋಡಿ ಬಿತ್ತಿ, 2 ಟನ್ ಕಂಡರೆ ಪುಣ್ಯ ಅನ್ನುವ ಕುಟುಂಬ. ಇದಕ್ಕೆ ಮುಕ್ತ ಸ್ಪರ್ಧೆ ಅಂತ ಹೆಸರು. ಕಾಲಿಗೆ ಕಲ್ಲು ಕಟ್ಟಿದವನನ್ನೂ ಕುದುರೆ ಏರಿದವನನ್ನೂ ಒಂದೇ ಗೆರೆಯ ಮೇಲೆ ನಿಲ್ಲಿಸಿ 'ಓಡಿ, ಇಬ್ಬರೂ ಸಮಾನರು' ಅಂದ ಹಾಗೆ. ಇದನ್ನು ಲೆಕ್ಕ ಹಾಕಿದ ಅಮೆರಿಕದ ಸಂಶೋಧಕ ಟಿಮೊತಿ ವೈಸ್ ಪ್ರಕಾರ 1997ರಿಂದ 2005ರವರೆಗೆ ಅಮೆರಿಕದ ಜೋಳ ಅದನ್ನು ಬೆಳೆಯುವ ಖರ್ಚಿಗಿಂತ ಸರಾಸರಿ ಶೇ. 19ರಷ್ಟು ಕಡಿಮೆ ಬೆಲೆಗೆ ಮೆಕ್ಸಿಕೊಗೆ ಬಂತು. ಆಮದು ನಾಲ್ಕು ಪಟ್ಟಿಗೂ ಮೀರಿ ಏರಿತು. ಮೆಕ್ಸಿಕೊ ರೈತನ ಕೈಗೆ ಸಿಗುವ ಬೆಲೆ, ಹಣದುಬ್ಬರ ಕಳೆದು ನೋಡಿದರೆ, ಶೇ. 66ರಷ್ಟು ಕುಸಿಯಿತು.

ಜೋಳ ಅಗ್ಗವಾದರೆ ರೊಟ್ಟಿ ಅಗ್ಗವಾಗಬೇಕಲ್ಲ? ಆಗಲಿಲ್ಲ. ರೈತರಿಂದ ಜೋಳ ಕೊಂಡು ಬಡವರಿಗೆ ಅಗ್ಗದಲ್ಲಿ ಒದಗಿಸುತ್ತಿದ್ದ ಕೊನಾಸುಪೊ ಎಂಬ ಸರ್ಕಾರಿ ಸಂಸ್ಥೆಯನ್ನು 1999ರಲ್ಲಿ ಮುಚ್ಚಿದರು. ರೊಟ್ಟಿಯ ಮೇಲಿದ್ದ ಬೆಲೆ ನಿಯಂತ್ರಣವನ್ನು ಅದೇ ವರ್ಷ ತೆಗೆದರು. ರೈತನಿಗೆ ಬೆಲೆ ಇಳಿಯಿತು, ಕೂಲಿಯವಳಿಗೆ ರೊಟ್ಟಿ ಬೆಲೆ ಏರಿತು. ನಡುವಿನ ದುಡ್ಡು ದಾಸ್ತಾನು ಮಾಡುವ ಕಂಪನಿಗಳಿಗೆ, ಹಿಟ್ಟಿನ ಕಾರ್ಖಾನೆಗಳಿಗೆ ಹೋಯಿತು. 2007ರಲ್ಲಿ ಅಮೆರಿಕ ತನ್ನ ಜೋಳವನ್ನು ಕಾರಿಗೆ ಹಾಕುವ ಎಥೆನಾಲ್ ಮಾಡಲು ತಿರುಗಿಸಿದಾಗ ರೊಟ್ಟಿ ಬೆಲೆ ಜಿಗಿಯಿತು. ಹತ್ತಾರು ಸಾವಿರ ಜನ ಮೆಕ್ಸಿಕೊ ನಗರದ ಬೀದಿಗಿಳಿದರು. ಜೋಳ ಹುಟ್ಟಿದ ನೆಲದಲ್ಲಿ ಜೋಳದ ರೊಟ್ಟಿಗಾಗಿ ಚಳವಳಿ!

ನಾವು ಸುಳ್ಳು ಹೇಳಬಾರದು. ಎದುರಾಳಿ ಉತ್ಪ್ರೇಕ್ಷೆ ಮಾಡುತ್ತಾನೆ ಅಂತ ನಾವೂ ಮಾಡಬಾರದು. ಒಪ್ಪಂದದಿಂದ ವ್ಯಾಪಾರ ಬೆಳೆದದ್ದು ನಿಜ. ಇಪ್ಪತ್ತು ವರ್ಷಗಳಲ್ಲಿ ಮೂರು ದೇಶಗಳ ನಡುವಿನ ವಹಿವಾಟು ಮೂರು ಪಟ್ಟಿಗೂ ಹೆಚ್ಚಾಯಿತು. ಉತ್ತರ ಮೆಕ್ಸಿಕೊದಲ್ಲಿ ಕಾರಿನ ಕಾರ್ಖಾನೆಗಳು ಬಂದವು. ನೀರಾವರಿ ಇದ್ದವರ ಟೊಮೆಟೊ, ಬೆಣ್ಣೆಹಣ್ಣು ಗಡಿ ದಾಟಿ ದುಡ್ಡು ತಂದವು. ಮೆಕ್ಸಿಕೊದ ಜೋಳದ ಉತ್ಪಾದನೆ ಕೂಡ ಕುಸಿಯಲಿಲ್ಲ, ಏರಿತು. ಸಿನಲೋವಾದ ನೀರಾವರಿ ಜಮೀನಿನ ದೊಡ್ಡ ರೈತರು ಬೆಳೆದರು. ಗುಡ್ಡದ ಬಡವರೂ ಬಿಡಲಿಲ್ಲ, ಯಾಕಂದ್ರೆ ಅದು ಅವರಿಗೆ ಮಾರುವ ಸರಕಿಗಿಂತ ಮೊದಲು ಹೊಟ್ಟೆಯ ಹಿಟ್ಟು. ಪ್ರಶ್ನೆ ಬೆಳೆಯಿತೋ ಇಲ್ಲವೋ ಅನ್ನುವುದಲ್ಲ, ಯಾರ ಪಾಲಿಗೆ ಬೆಳೆಯಿತು ಅನ್ನುವುದು. ಇಪ್ಪತ್ತು ವರ್ಷ ಕಳೆದ ಮೇಲೂ ಆ ದೇಶದ ಅರ್ಧದಷ್ಟು ಜನ ಬಡತನದಲ್ಲೇ ಇದ್ದರು.

ಇನ್ನು ಜನರನ್ನು ರಫ್ತು ಮಾಡುವುದಿಲ್ಲ ಎಂಬ ಮಾತು. ಒಪ್ಪಂದದ ಮೊದಲ ವರ್ಷವೇ, 1994ರ ಡಿಸೆಂಬರ್‌ನಲ್ಲಿ, ಮೆಕ್ಸಿಕೊದ ನಾಣ್ಯ ಪೆಸೊ ಕುಸಿಯಿತು. ಕೆಲವೇ ತಿಂಗಳಲ್ಲಿ ಅರ್ಧ ಬೆಲೆ ಕಳೆದುಕೊಂಡಿತು. ಸಲಿನಾಸ್ ಅಷ್ಟರಲ್ಲಿ ಕುರ್ಚಿ ಬಿಟ್ಟಿದ್ದ. 1995ರಲ್ಲಿ ದೇಶವನ್ನೇ ಬಿಟ್ಟು ಹೋದ. ಒಂದು ಕಡೆ ಈ ಕುಸಿತ, ಇನ್ನೊಂದು ಕಡೆ ಬೆಲೆ ಕಳೆದುಕೊಂಡ ಜೋಳ, ಮತ್ತೊಂದು ಕಡೆ ಮುಚ್ಚಿಹೋದ ಸರ್ಕಾರಿ ಆಸರೆ. ಹಳ್ಳಿಗಳು ಉತ್ತರಕ್ಕೆ ಎದ್ದು ನಡೆದವು. 1990ರಲ್ಲಿ ಅಮೆರಿಕದಲ್ಲಿ ಇದ್ದ ಮೆಕ್ಸಿಕೊದಲ್ಲಿ ಹುಟ್ಟಿದವರು ಸುಮಾರು 43 ಲಕ್ಷ. 2000ಕ್ಕೆ 90 ಲಕ್ಷ ದಾಟಿದರು. 2007ಕ್ಕೆ 1.2 ಕೋಟಿ ಮೀರಿದರು. ಅದೇ 1994ರ ಅಕ್ಟೋಬರ್‌ನಲ್ಲಿ ಅಮೆರಿಕ ತನ್ನ ಗಡಿಯಲ್ಲಿ ಬೇಲಿ, ಕಾವಲು, ದೀಪಗಳನ್ನು ಹೆಚ್ಚಿಸುವ ಕಾರ್ಯಾಚರಣೆ ಶುರುಮಾಡಿತ್ತು. ಜೋಳಕ್ಕೆ ಗಡಿ ಇಲ್ಲ, ಜೋಳ ಬೆಳೆದವನಿಗೆ ಗಡಿ ಇದೆ. ಬೇಲಿ ತಪ್ಪಿಸಿ ಮರುಭೂಮಿಯ ದಾರಿ ಹಿಡಿದವರು ನೀರಿಲ್ಲದೆ ಸತ್ತರು.

ಗ್ವಾದಲ್ಕಾಸರ್ ಎಂಬ ಊರಿನ ಸಂಗತಿಯನ್ನು ನಮ್ಮ ಗ್ರಾಮ ಪಂಚಾಯತಿ ಸದಸ್ಯರು ತಿಳಿದಿರಬೇಕು. ಮೆಟಲ್‌ಕ್ಲಾಡ್ ಎಂಬ ಅಮೆರಿಕದ ಕಂಪನಿ ಅಲ್ಲಿ ವಿಷತ್ಯಾಜ್ಯ ಹೂಳುವ ಗುಂಡಿ ನಡೆಸಲು ಬಂತು. ಊರವರು ಬೇಡ ಅಂದರು, ಸ್ಥಳೀಯ ಆಡಳಿತ 1995ರಲ್ಲಿ ಪರವಾನಗಿ ನಿರಾಕರಿಸಿತು. ಕಂಪನಿ ನಾಫ್ತಾದ 11ನೆಯ ಅಧ್ಯಾಯದ ಅಡಿಯಲ್ಲಿ ನ್ಯಾಯಮಂಡಳಿಗೆ ಹೋಯಿತು. 2000ರಲ್ಲಿ ಮೂವರು ಪಂಚರು ಮೆಕ್ಸಿಕೊ ಸರ್ಕಾರ ಸುಮಾರು 1.67 ಕೋಟಿ ಡಾಲರ್ ಪರಿಹಾರ ಕೊಡಬೇಕು ಅಂತ ತೀರ್ಪಿತ್ತರು. ಊರಿನ 'ಬೇಡ' ಎಂಬ ಮಾತಿಗೆ ದಂಡ ಬಿತ್ತು. ಸಹಿಯ ದಿನದ ಭಾಷಣಗಳಲ್ಲಿ ಈ 11ನೆಯ ಅಧ್ಯಾಯವನ್ನು ಹಳ್ಳಿಯ ಯಾರಿಗೆ ವಿವರಿಸಿದ್ದರು?

ಈಗ ಎರಡನೆಯ ಸಹಿಗೆ ಬರೋಣ. 1996ರ ಫೆಬ್ರವರಿ 16ರಂದು ಅದೇ ಮೆಕ್ಸಿಕೊ ಸರ್ಕಾರ ಝಪಾಟಿಸ್ಟಾಗಳ ಜೊತೆ ಸಾನ್ ಆಂದ್ರೆಸ್ ಒಪ್ಪಂದಕ್ಕೆ ಸಹಿ ಹಾಕಿತು. ಮೂಲನಿವಾಸಿಗಳಿಗೆ ಸ್ವಾಯತ್ತತೆ, ಅವರ ಭಾಷೆಗೆ, ಅವರ ನೆಲದ ತೀರ್ಮಾನಕ್ಕೆ ಮನ್ನಣೆ ಕೊಡುತ್ತೇವೆ ಅಂತ ಅದರಲ್ಲಿತ್ತು. ಕಾನೂನು ಮಾಡುವ ಹೊತ್ತು ಬಂದಾಗ ಸರ್ಕಾರ ಹಿಂದೆ ಸರಿಯಿತು. 1997ರ ಡಿಸೆಂಬರ್ 22ರಂದು ಆಕ್ತೆಆಲ್ ಎಂಬ ಹಳ್ಳಿಯಲ್ಲಿ, ಪ್ರಾರ್ಥನೆಗೆ ಕೂತಿದ್ದ 45 ಜನರನ್ನು ಬಾಡಿಗೆ ಬಂದೂಕಿನವರು ಕೊಂದರು; ಹೆಚ್ಚಿನವರು ಹೆಂಗಸರು, ಮಕ್ಕಳು. 2001ರ ಮಾರ್ಚ್‌ನಲ್ಲಿ ಕಮಾಂಡರ್ ಎಸ್ತೇರ್ ಎಂಬ ಮೂಲನಿವಾಸಿ ಹೆಂಗಸು ಸಂಸತ್ತಿನ ವೇದಿಕೆ ಹತ್ತಿ, ಕೊಟ್ಟ ಮಾತು ನಡೆಸಿ ಅಂದಳು. ಸಂಸತ್ತು ಸತ್ವ ತೆಗೆದ ಕಾನೂನು ಮಾಡಿ ಕೈತೊಳೆದುಕೊಂಡಿತು.

ಗೆಳೆಯರೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕಂಪನಿಗಳಿಗೆ ಕೊಟ್ಟ ಸಹಿಗೆ ನ್ಯಾಯಮಂಡಳಿ ಇದೆ, ದಂಡ ಇದೆ, ಡಾಲರ್ ಲೆಕ್ಕದಲ್ಲಿ ವಸೂಲಿ ಇದೆ. ಜನರಿಗೆ ಕೊಟ್ಟ ಸಹಿಗೆ ಕೇಳುವವರಿಲ್ಲ. ಬಡವರ ಅನುಮಾನ ಹುಟ್ಟುವುದು ಇಲ್ಲಿ.

ಘೋಷಣೆಗಳ ಆಟ ನಾಫ್ತಾಕ್ಕೇ ಮುಗಿಯಲಿಲ್ಲ. ಇದು ಅತಿ ಕೆಟ್ಟ ಒಪ್ಪಂದ, ನಾನು ಹೊಸದು ತರುತ್ತೇನೆ ಅಂತ ಡೊನಾಲ್ಡ್ ಟ್ರಂಪ್ 2018ರ ನವೆಂಬರ್ 30ರಂದು ಹೊಸ ಒಪ್ಪಂದಕ್ಕೆ ಸಹಿ ಹಾಕಿ ಬೀಗಿದ. 2020ರ ಜುಲೈ 1ರಂದು ಅದು ಜಾರಿಗೆ ಬಂತು. 2025ರಲ್ಲಿ ಅದೇ ಮನುಷ್ಯ ಅದೇ ಎರಡು ದೇಶಗಳ ಮೇಲೆ ಶೇ. 25ರ ಸುಂಕ ಹೇರಿದ. ಮೂರು ದಿನ ತುಂಬುವಷ್ಟರಲ್ಲಿ ಅರ್ಧ ಹಿಂದಕ್ಕೆ ಪಡೆದ. ಮೆಕ್ಸಿಕೊ ತನ್ನ ರೊಟ್ಟಿಯ ಜೋಳದಲ್ಲಿ ಕುಲಾಂತರಿ ಬೇಡ ಅಂದಿದ್ದಕ್ಕೆ, ಈ ಹೊಸ ಒಪ್ಪಂದದ ನ್ಯಾಯಮಂಡಳಿ 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಪರ ತೀರ್ಪು ಕೊಟ್ಟಿತು. ಸೋತ ಮೆಕ್ಸಿಕೊ 2025ರಲ್ಲಿ ಕುಲಾಂತರಿ ಜೋಳದ ಬಿತ್ತನೆಯನ್ನಾದರೂ ತಡೆಯಲು ಸಂವಿಧಾನವನ್ನೇ ತಿದ್ದಬೇಕಾಯಿತು.

ನಮ್ಮ ನಾಡು ಈ ಚರಿತ್ರೆಯ ಹೊರಗಿಲ್ಲ. ನಾಫ್ತಾಕ್ಕೆ ಸಹಿ ಬಿದ್ದ ಅದೇ 1992ರ ಡಿಸೆಂಬರ್ ಕೊನೆಯಲ್ಲಿ ರೈತ ಸಂಘದವರು ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಾಗದಪತ್ರಗಳನ್ನು ಹೊರಗೆಸೆದು ಸುಟ್ಟರು. ಡಂಕೆಲ್ ಪ್ರಸ್ತಾವ ಅನ್ನುವ ಹೆಸರು ಹಳ್ಳಿ ಹಳ್ಳಿಯ ಬಾಯಲ್ಲಿ ಓಡಾಡಿದ ಕಾಲ ಅದು. ಚಿಯಾಪಾಸ್ ಬಂಡಾಯದ ಬೆನ್ನಲ್ಲಿ ಹುಟ್ಟಿದ ಜಾಗತಿಕ ಜನಚಳವಳಿಗಳ ಒಕ್ಕೂಟದ ಎರಡನೆಯ ಸಮ್ಮೇಳನ 1999ರ ಆಗಸ್ಟ್‌ನಲ್ಲಿ ನಡೆದದ್ದು ಬೆಂಗಳೂರಿನಲ್ಲಿ. ಆ ಹಸಿರು ಶಾಲಿನ ಚಳವಳಿಯಲ್ಲಿ ಭೂಮಿ ಇಲ್ಲದವನ ಕೂಲಿಯ ಪ್ರಶ್ನೆ ಎಲ್ಲಿತ್ತು ಅಂತ ಕೇರಿ ಕೇಳಿದ್ದೂ ಚರಿತ್ರೆಯೇ. ಬೆಲೆ ಕುಸಿದರೆ ಮೊದಲು ಕಡಿತವಾಗುವುದು ಕೂಲಿ. ಬೆಲೆ ಏರಿದರೆ ಕೊನೆಗೆ ಏರುವುದೂ ಕೂಲಿ. 2020ರಲ್ಲಿ ಕರ್ನಾಟಕದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದು, ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಅಂತ ಮಾಡಿದಾಗ ಕೇಳಿಬಂದದ್ದೂ ಮಾರುವ ಸ್ವಾತಂತ್ರ್ಯದ ಮಾತೇ. 1992ರ ಮೆಕ್ಸಿಕೊ ನೆನಪಾಗಬೇಕಾದ್ದು ಇಂಥ ಹೊತ್ತಿನಲ್ಲಿ.

ನಾಳೆ ಇನ್ನೊಬ್ಬ ನಾಯಕ ಇನ್ನೊಂದು ದೇಶದ ನಾಯಕನ ಕೈ ಕುಲುಕಿ, ಇಷ್ಟು ಲಕ್ಷ ಕೋಟಿಯ ಒಪ್ಪಂದ ಆಯಿತು ಅಂತ ಘೋಷಿಸುತ್ತಾನೆ. ಟೀವಿ ಕುಣಿಯುತ್ತದೆ. ಆಗ ಹಳ್ಳಿಯ ಮೇಷ್ಟ್ರು ತರಗತಿಯಲ್ಲಿ, ವಿದ್ಯಾರ್ಥಿಗಳು ಹಾಸ್ಟೆಲಿನಲ್ಲಿ, ಸಂಘಟನೆಯವರು ಸಭೆಯಲ್ಲಿ ಕೇಳಬೇಕಾದ್ದು ಇಷ್ಟೇ. ಕಾಗದ ಎಲ್ಲಿದೆ, ನಮ್ಮ ಭಾಷೆಯಲ್ಲಿ ಇದೆಯೇ? ಸಹಿಗೆ ಮೊದಲು ಯಾವ ಕಾನೂನು ತಿದ್ದಿದರು? ರಕ್ಷಣೆ ಇದೆ ಅನ್ನುತ್ತಾರಲ್ಲ, ಅದರ ಕೀಲಿ ಯಾರ ಕೈಯಲ್ಲಿದೆ? ಗಡಿ ದಾಟುವುದು ಸರಕು ಮಾತ್ರವೋ, ಮನುಷ್ಯನೂ ದಾಟಬಹುದೋ? ಊರು ಬೇಡ ಅಂದರೆ ದಂಡ ಯಾರಿಗೆ? ಮುಖ್ಯವಾಗಿ, ಭೂಮಿ ಇಲ್ಲದ ಹೆಂಗಸಿನ ದಿನದ ಕೂಲಿಗೆ ಇದರಿಂದ ಎಷ್ಟು ಪೈಸೆ ಸೇರುತ್ತದೆ?

ಉತ್ತರ ಬರುವವರೆಗೆ ಚಪ್ಪಾಳೆ ಹೊಡೆಯಬೇಡಿ. ನಮ್ಮ ಅಪ್ಪ ಅಮ್ಮಂದಿರು ಓದದೆ ಹೆಬ್ಬೆಟ್ಟು ಒತ್ತಿ ಭೂಮಿ ಕಳೆದುಕೊಂಡರು. ನಾವು ಅಕ್ಷರ ಕಲಿತದ್ದು ಕಾಗದ ಓದುವುದಕ್ಕೆ.